ಹೆಜ್ಜೆಯ ಲೆಕ್ಕ

ಸಾತನೂರಿನ ಬಯಲೊಂದರಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿದೆಯೆಂದು ವಾಚಕರು ಭಾವಿಸಲಿ. ಆಟ ಮುಗಿಯಲು ಕೆಲವೇ ಕ್ಷಣಗಳಿವೆ; ಊರಿನ ತಂಡ ಒಂದು ಅಂಕ ಹಿಂದಿದೆ. ಓಡುತ್ತಿರುವ ಹುಡುಗನಿಗೆ ಜೊತೆಗಾರನೆಸೆದ ಚೆಂಡು ಬೆರಳಿಗೆ ತಗುಲಿ ಜಾರುತ್ತದೆ. ಮೂರು ಹೆಜ್ಜೆ ಬೆನ್ನಟ್ಟಿ ಅದನ್ನು ಹಿಡಿಯುವಾಗ ಅವನ ಬಲಗಾಲು ನೆಲದ ಮೇಲಿದೆ. ಅನಂತರ ಎಡಗಾಲು, ಮತ್ತೆ ಬಲಗಾಲು. ಅಲ್ಲಿಂದ ನೆಗೆದು ಚೆಂಡನ್ನು ಬುಟ್ಟಿಗೆ ಹಾಕುತ್ತಾನೆ. “ಟ್ರಾವೆಲಿಂಗ್!” ಎಂದು ಎದುರು ಪಕ್ಷದವರ ಕೂಗು. ಅವರ ಲೆಕ್ಕದಲ್ಲಿ ಹೆಜ್ಜೆಗಳು ಆರು!

ಆದರೆ ತೀರ್ಪುಗಾರನಾದವನು ಮೊದಲು ನೋಡಬೇಕಾದದ್ದು ಕೈಯನ್ನು. ಚೆಂಡು ಹಿಡಿತಕ್ಕೆ ಬಂದದ್ದೆಂದು? ಬೆರಳಿಗೆ ತಾಗಿ ಜಾರಿದ್ದು ಹಿಡಿತವಲ್ಲ. ಆ ಮೂರು ಹೆಜ್ಜೆಗಳು ಲೆಕ್ಕಕ್ಕಿಲ್ಲ. ಹಿಡಿತ ದೊರೆತಾಗ ನೆಲದ ಮೇಲಿದ್ದ ಕಾಲನ್ನೂ ಅಂತರರಾಷ್ಟ್ರೀಯ ನಿಯಮವು 2017ರ ಅಕ್ಟೋಬರಿನಿಂದ ಎಣಿಸುವುದಿಲ್ಲ. ಉಳಿದವು ಎರಡು. ಅಷ್ಟಕ್ಕೆ ಅವಕಾಶವುಂಟು.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಮೂರನೆಯದೇ ಈ ಜಗಳದ ಮೂಲ. ಚೆಂಡು ಹಿಡಿದವನು ಓಡಬಾರದು, ಹಿಡಿದಲ್ಲಿಂದಲೇ ಎಸೆಯಬೇಕು ಎಂದ ಆತನೇ, ವೇಗವಾಗಿ ಓಡುತ್ತ ಹಿಡಿದವನಿಗೆ ಕೊಂಚ ರಿಯಾಯಿತಿಯನ್ನೂ ತೋರಿದ್ದನು. ಪುಟಿಸುತ್ತ ಸಾಗುವ ಡ್ರಿಬಲ್ ಆತನ ಮೂಲ ನಿಯಮಗಳಲ್ಲಿರಲಿಲ್ಲ. ಆಟಗಾರರ ಜಾಣತನದಿಂದ ಬಳಿಕ ಬಂದಿತು. ಪುಟಿಸುವಾಗ ಚೆಂಡು ಕೈಯಲ್ಲಿಲ್ಲದಷ್ಟು ಹೊತ್ತು ಎಷ್ಟು ಹೆಜ್ಜೆಯಾದರೂ ಇಡಬಹುದು. ಎರಡೂ ಕೈಗಳು ಒಟ್ಟಿಗೆ ಮುಟ್ಟಿದರೆ, ಇಲ್ಲವೇ ಚೆಂಡು ಅಂಗೈಯಲ್ಲಿ ತಂಗಿದರೆ ಡ್ರಿಬಲ್ ಮುಗಿಯಿತು. ಮತ್ತೆ ಪುಟಿಸಿದರೆ ತಪ್ಪು. ಎದುರಾಳಿಯ ಕೈತಾಗಿ ಚೆಂಡು ತಪ್ಪಿಹೋಗಿ ಮರಳಿ ಸಿಕ್ಕಿದರೆ ಹೊಸ ಡ್ರಿಬಲ್ ಆರಂಭಿಸಬಹುದು.

ಎಳೆಯರು ಹೆಚ್ಚಾಗಿ ಎಡವುವುದು ನಿಂತು ಹೊರಡುವಾಗ. ಒಂದು ಕಾಲನ್ನೂರಿ ಇನ್ನೊಂದನ್ನು ಯಾವ ದಿಕ್ಕಿಗಾದರೂ ತಿರುಗಿಸಲಿ. ಪುಟಿಸಲು ಚೆಂಡು ಕೈಬಿಡುವ ಮುನ್ನ ಊರಿದ ಕಾಲು ಮೇಲೇಳಕೂಡದು. ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ನಡೆಯುವ ಈ ತಪ್ಪನ್ನು ಯಾರೂ ಕೂಗಿ ತೋರಿಸುವುದಿಲ್ಲ! ಚೆಂಡು ಹಿಡಿದು ಬಿದ್ದು ಜಾರಿದವನ ಮೇಲೆ ಮಾತ್ರ ಎಲ್ಲರ ಕೂಗು. ಜಾರುವುದು ತಪ್ಪಲ್ಲ; ಚೆಂಡಿನೊಡನೆ ಉರುಳುವುದು, ಏಳಲು ಯತ್ನಿಸುವುದು ತಪ್ಪು. ಆಗ ಚೆಂಡು ಎದುರು ಪಕ್ಷಕ್ಕೆ ಹೋಗುತ್ತದೆ.

ಸಾತನೂರಿನ ಹುಡುಗನ ಬುಟ್ಟಿ ಸರಿಯಾದದ್ದೇ. ಎರಡು ಅಂಕ, ಊರಿನ ತಂಡ ಈಗ ಒಂದು ಅಂಕ ಮುಂದಿದೆ. ಆದರೆ ಕೂಗಿಗೆ ಬೆದರಿದ ತೀರ್ಪುಗಾರನು ಅಷ್ಟರಲ್ಲೇ ಸೀಟಿ ಊದಿಬಿಟ್ಟಿದ್ದರೆ?