ಹಿತ್ತಲ ಗಿಡವೇ ಮದ್ದು

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಕೈಗೆಟುಕುವ ವಸ್ತುವಿನಲ್ಲಿ ಮನುಷ್ಯನಿಗಿರುವ ಅನಾದರವನ್ನು ಆ ಗಾದೆ ಅಣಕಿಸುತ್ತದೆಯೇ ಹೊರತು ಹಿತ್ತಲಿನ ಗಿಡವನ್ನು ಹಳಿಯುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಈ ಮಾತು ಇಂದು ವಿಶೇಷವಾಗಿ ಅನ್ವಯಿಸುತ್ತದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆಮಹದೇಶ್ವರ ಬೆಟ್ಟ, ಮತ್ತೊಂದು ಕಡೆ ಕಾವೇರಿಯ ಕಣಿವೆ. 1974ರಲ್ಲಿ ಅಭಯಾರಣ್ಯವೆಂದು ಘೋಷಿತವಾದ ಬಿಳಿಗಿರಿಯ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2013ರಲ್ಲಿ ಮಹದೇಶ್ವರ ಬೆಟ್ಟದ ಕಾಡೂ ವನ್ಯಜೀವಿಧಾಮವಾಯಿತು. ವನ್ಯಜೀವಿ ಎಂದೊಡನೆ ಈ ಭಾಗದ ವಿದ್ಯಾರ್ಥಿಯ ಮನಸ್ಸು ಆನೆ, ಹುಲಿ, ಕಾಟಿಗಳತ್ತ ಹರಿಯುವುದು ಸಹಜ. ಆದರೆ ತನ್ನ ಮನೆಯ ಬಾಳೆಯ ಬುಡದಲ್ಲಿ ಕುಳಿತ ನೆಲಗಪ್ಪೆಯನ್ನು ಅವನು ಕಾಣದೆ ಹೋದರೆ ಅದು ಸಹಜವಲ್ಲ, ಶಿಕ್ಷಣದ ಕೊರತೆ.

ಹಿತ್ತಲಿನ ಸುಖ ದೊಡ್ಡ ಸುಖವಲ್ಲ, ದಿನನಿತ್ಯದ ಸುಖ. ಬಚ್ಚಲ ನೀರು ಬಾಳೆಗೆ, ಒಲೆಯ ಬೂದಿ ಅವರೆಯ ಬಳ್ಳಿಗೆ, ಉದುರಿದೆಲೆ ಗೊಬ್ಬರದ ಗುಂಡಿಗೆ. ಅಲ್ಲಿ ವ್ಯರ್ಥವೆಂಬುದೇ ಇಲ್ಲ. ಬೆಳಗಿನ ಜಾವ ಮಡಿವಾಳ ಹಕ್ಕಿ ನುಗ್ಗೆಯ ತುದಿಯಲ್ಲಿ ಕುಳಿತು ಸಿಳ್ಳು ಹಾಕುತ್ತದೆ. ಹೊತ್ತು ಏರಿದಂತೆ ಸೂರಕ್ಕಿ ದಾಸವಾಳಕ್ಕೆ ಬಂದು ಬಾಗಿದ ಕೊಕ್ಕನ್ನು ಹೂವಿನೊಳಗೆ ಇಳಿಸುತ್ತದೆ. ಸಿಂಪಿಗ ಹಕ್ಕಿ ಅಗಲವಾದ ಎಲೆಯೊಂದರ ಅಂಚುಗಳನ್ನು ನಾರಿನಿಂದ ಹೊಲಿದು ಅದರೊಳಗೆ ಗೂಡು ಕಟ್ಟುತ್ತದೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವ ಪುಟ್ಟ ಹುಳು ಕೆಲವೇ ದಿನಗಳಲ್ಲಿ ಹಸುರಾಗಿ, ಕೋಶವಾಗಿ, ಕೊನೆಗೆ ಕಪ್ಪು ಹಳದಿ ರೆಕ್ಕೆಯ ಚಿಟ್ಟೆಯಾಗಿ ಹಾರಿಹೋಗುತ್ತದೆ. ಇದನ್ನು ನೋಡಲು ಟಿಕೆಟ್ಟು ಬೇಕಿಲ್ಲ, ವಾಹನ ಬೇಕಿಲ್ಲ. ಹಿಂಬಾಗಿಲಿನ ಮೆಟ್ಟಿಲ ಮೇಲೆ ಕಾಲು ಗಂಟೆ ಸುಮ್ಮನೆ ಕುಳಿತುಕೊಳ್ಳುವ ತಾಳ್ಮೆಯೊಂದು ಸಾಕು.

ಭಾಷೆಯ ಅಧ್ಯಾಪಕರಿಗಂತೂ ಹಿತ್ತಲು ಒಂದು ನಿಘಂಟು. ಕೋಗಿಲೆಗೆ ‘ಪರಭೃತ’ ಎಂಬ ಹೆಸರುಂಟು. ಪರರಿಂದ ಪೋಷಿತವಾದದ್ದು ಎಂದು ಅರ್ಥ. ಕಾಗೆಯ ಗೂಡಿನಲ್ಲಿ ಬೆಳೆದ ಮರಿ ಕಾಗೆಯ ಹಿಂದೆ ಬಾಯ್ದೆರೆದು ಅಲೆಯುವುದನ್ನು ಮಾವಿನ ಮರದಲ್ಲಿ ಒಮ್ಮೆ ಕಂಡ ಹುಡುಗ ಆ ಶಬ್ದವನ್ನು ಕಂಠಪಾಠ ಮಾಡಬೇಕಾಗಿಲ್ಲ. ಕಾವ್ಯ ಕೊಂಡಾಡುವ ಇಂಚರ ಕಪ್ಪು ಬಣ್ಣದ ಗಂಡಿನದು. ಹೆಣ್ಣಿನ ಮೈ ಕಂದು, ಅದರ ತುಂಬ ಬಿಳಿಯ ಚುಕ್ಕೆಗಳು. ಜೇಡನು ‘ಊರ್ಣನಾಭ’ನೇಕೆ ಎಂಬುದಕ್ಕೆ ಸಂದಿಯಲ್ಲಿ ನೇಯುವ ಬಲೆಯೇ ವ್ಯಾಖ್ಯಾನ. ದುಂಬಿ ‘ಷಟ್ಪದ’, ಆರು ಸಾಲಿನ ಪದ್ಯ ‘ಷಟ್ಪದಿ’. ನುಗ್ಗೆಯ ಹೂವಿನ ಮೇಲೆ ಕುಳಿತ ದುಂಬಿಯ ಆರು ಕಾಲುಗಳನ್ನು ಎಣಿಸಿದವನಿಗೆ ಪ್ರಸ್ತಾರವೂ ನಗುಮುಖದಿಂದ ಎದುರಾದೀತು. ಯಳಂದೂರಿನೊಡನೆ ಹೆಸರು ಬೆಸೆದ ಷಡಕ್ಷರದೇವನ ಚಂಪೂಕಾವ್ಯವನ್ನು ಪಾಠ ಹೇಳುವಾಗ ತಮಾಲ, ಅಶೋಕ, ಶುಕ, ಪಿಕಗಳಿಗೆ ಅರ್ಥ ಬರೆಸುವುದುಂಟು. ಬರೆದುಕೊಂಡ ವಿದ್ಯಾರ್ಥಿಗೆ ಕೆಂಬೂತ, ಪಿಕಳಾರ, ಕುಟ್ರಹಕ್ಕಿ, ಹಾವುರಾಣಿ ಎಂಬ ತಾಯ್ನುಡಿಯ ಹೆಸರುಗಳೇ ತಿಳಿಯವು ಎಂದಾದರೆ, ಆ ಅರ್ಥಕ್ಕೆ ಅರ್ಥವೇನು? ವಸ್ತು ಕಣ್ಮರೆಯಾದ ಮೇಲೆ ಅದರ ಹೆಸರು ಬಹುಕಾಲ ಬದುಕುವುದಿಲ್ಲ.

ಈ ಹಿತ್ತಲು ಇಂದು ಕುಗ್ಗುತ್ತಿದೆ. ನಿವೇಶನದ ಬೆಲೆ ಏರಿತು. ಮನೆ ಗೋಡೆಯಿಂದ ಗೋಡೆಯವರೆಗೆ ಹಬ್ಬಿತು. ಉಳಿದ ಅಂಗೈಯಗಲದ ಮಣ್ಣಿಗೂ ಸಿಮೆಂಟು ಬಿತ್ತು. ಉಳಿಸಿಕೊಂಡವರಲ್ಲೂ ಕೆಲವರು ಒಂದು ಹುಳು ಕಂಡರೆ ವಿಷದ ಸೀಸೆಗೆ ಕೈಹಾಕುತ್ತಾರೆ. ವಿಷದ ಸ್ವಭಾವವನ್ನು ಈ ಸೀಮೆಯ ರೇಷ್ಮೆ ಸಾಕುವವರಿಗೆ ಬೋಧಿಸಬೇಕಾಗಿಲ್ಲ. ಪಕ್ಕದ ಹೊಲಕ್ಕೆ ಹೊಡೆದ ಔಷಧ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಎಲೆಗೆ ತಗುಲಿತೆಂದರೆ, ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆ ಏರಬೇಕಾದ ಹುಳು ತಟ್ಟೆಯಲ್ಲೇ ಸಾಯುತ್ತದೆ; ತಿಂಗಳ ದುಡಿಮೆ ಮಣ್ಣುಪಾಲಾಗುತ್ತದೆ. ಒಂದು ಹುಳುವನ್ನು ಕೊಲ್ಲುವುದು ಇನ್ನೊಂದು ಹುಳುವನ್ನು ಬಿಡದು. ಇಷ್ಟು ತಿಳಿದ ಮನೆಯವರೇ ಹಿತ್ತಲಿನ ಜೇನು, ಚಿಟ್ಟೆಗಳ ಪಾಲಿಗೆ ಈ ತಿಳಿವನ್ನು ಮರೆಯುವುದು ಆಶ್ಚರ್ಯ.

ಕಿರಿಯ ಜೀವಿಯ ಉಪಕಾರ ಎಷ್ಟೆಂಬುದಕ್ಕೆ ಸಮೀಪದ ನಿದರ್ಶನವೊಂದಿದೆ. 1956ರವರೆಗೆ ಕೊಳ್ಳೇಗಾಲವೂ ಸೇರಿದ್ದ ಕೊಯಮತ್ತೂರು ಜಿಲ್ಲೆಯಲ್ಲಿ 2008ರ ಸುಮಾರಿಗೆ ಪಪಾಯಿಯ ಹಿಟ್ಟುತಿಗಣೆ ಎಂಬ ಹೊರನಾಡಿನ ಕೀಟ ಕಾಣಿಸಿಕೊಂಡಿತು. ಅದು ಪಪಾಯಿಯನ್ನಲ್ಲದೆ ಹಿಪ್ಪುನೇರಳೆಯನ್ನೂ ಮುತ್ತಿತು, ಕರ್ನಾಟಕಕ್ಕೂ ಹಬ್ಬಿತು. ಔಷಧ ಸಿಂಪಡಿಸಿದರೂ ಅದು ಬಗ್ಗಲಿಲ್ಲ. 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ತರಿಸಿ ಬಿಟ್ಟ, ಸಾಸಿವೆಗಿಂತ ದೊಡ್ಡದಲ್ಲದ ಒಂದು ಕಣಜ ಆ ತಿಗಣೆಯೊಳಗೆ ಮೊಟ್ಟೆಯಿಟ್ಟು ಅದರ ಹಾವಳಿಯನ್ನು ಅಡಗಿಸಿತು. ವಿಷದಿಂದ ಆಗದ ಕೆಲಸ ಹೆಸರರಿಯದ ಹುಳುವಿನಿಂದ ಆಯಿತು. ಮನೆಯ ಗೋಡೆಗೆ ಮಣ್ಣಿನ ಗಡಿಗೆ ಮೆತ್ತಿ, ಮರಿಗಾಗಿ ಎಲೆಹುಳುಗಳನ್ನು ತುಂಬಿಡುವ ಕುಂಬಾರ ಹುಳುವೂ ನಿತ್ಯವೂ ಮಾಡುವುದು ಇಂಥದೇ ಸೇವೆ.

ಹಾವಿನ ಭಯವನ್ನು ಹೇಳುವವರುಂಟು. ಅದು ತಳ್ಳಿಹಾಕುವ ಮಾತಲ್ಲ. ಕೇರೆಹಾವು ನಿರ್ವಿಷ, ಇಲಿಯ ವೈರಿ. ಆದರೆ ಇಲಿ ಇದ್ದೆಡೆಗೆ ನಾಗರವೂ ಬಂದೀತು. ಆದುದರಿಂದ ಬಾಗಿಲ ಬಳಿ ಸೌದೆ, ಕಲ್ಲು, ಕಸ ಕೂಡದು; ಕಾಡುಗಿಡಕ್ಕೆ ಬಿಡುವ ಮೂಲೆ ಮನೆಯಿಂದ ದೂರವಿರಲಿ; ರಾತ್ರಿ ದೀಪವಿಲ್ಲದೆ ಕಾಲಿಡಬಾರದು. ಅಕಸ್ಮಾತ್ ಕಡಿದರೆ ಮಂತ್ರ, ಬೇರುಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಎಚ್ಚರ ಬೇಕು, ಎಚ್ಚರವೆಂದರೆ ಸಂಹಾರವಲ್ಲ.

ಮಾಡಬೇಕಾದುದು ಬಹಳವೇನೂ ಇಲ್ಲ. ಕಟ್ಟಡಕ್ಕೆ ಉದಾರವಾಗಿ ನೀಡುವ ದಾನಿಗಳು ಅದರ ಹಿಂದೆ ಒಂದಿಷ್ಟು ಬರಿಯ ಮಣ್ಣನ್ನೂ ಉಳಿಸಬೇಕೆಂದು ಕೇಳಲಿ. ಬರಿಯ ಮಣ್ಣೂ ಒಂದು ದತ್ತಿಯೇ. ಅಧ್ಯಾಪಕರು ವಾರಕ್ಕೊಂದು ಪಾಠವನ್ನು ವಿದ್ಯಾರ್ಥಿನಿಲಯದ ಹಿತ್ತಲಿಗೆ ಒಯ್ಯಲಿ. ಕಂಡ ಹಕ್ಕಿಯ ಹೆಸರನ್ನು ಮಕ್ಕಳು ಅಜ್ಜಿಯರಿಂದ ಕೇಳಿ ತಂದು ಬರೆಯಲಿ. ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಊರಿನ ಮನೆಯನ್ನು ಹೊಸದಾಗಿ ಕಟ್ಟಿಸುವಾಗ ಅಜ್ಜಿ ನೆಟ್ಟ ಕರಿಬೇವನ್ನು ಕಡಿಸದಿರಲಿ. ಬೇಸಗೆಯಲ್ಲಿ ನೆರಳಿನಲ್ಲೊಂದು ಮಣ್ಣಿನ ಬೋಗುಣಿ ನೀರು, ಬೇಲಿಗೆ ನಾಲ್ಕು ದಾಸವಾಳ, ಮೂಲೆಗೊಂದು ನುಗ್ಗೆ, ಇಷ್ಟಿದ್ದರೆ ಕರೆಯದೆಯೇ ಬರುವ ಅತಿಥಿಗಳು ಸಾಕಷ್ಟು. ಹುಲಿಯನ್ನು ಕಾಯಲು ಸರಕಾರವಿದೆ. ನೆಲಗಪ್ಪೆಯನ್ನು ಕಾಯಲು ಆ ಮನೆಯವರಲ್ಲದೆ ಇನ್ನಾರೂ ಇಲ್ಲ.