ಗಾಡಿಯವರ ದೂರಿಗೆ ಕಾಸಿನ ಹಣೆಪಟ್ಟಿ

ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ಎದ್ದ ಕೂಗೆಲ್ಲ ದುಡ್ಡು ಕೊಟ್ಟು ಎಬ್ಬಿಸಿದ್ದು ಎಂದು 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಹೇಳಿದರು. ಬೆಂಗಳೂರಿನ ಉಲ್ಲಾಳ ಮುಖ್ಯರಸ್ತೆಯ ಟ್ರಾಫಿಕ್‌ನಲ್ಲಿ ಹಳೇ ಸ್ಕೂಟರಿನ ಮೈಲೇಜು ಲೆಕ್ಕ ಹಾಕುತ್ತಾ ತೆವಳುವವರಿಗೆ ಯಾರೂ ಕಾಸು ಕೊಟ್ಟಿಲ್ಲ. ಅವರಿಗೆ ಆಗಿರುವುದು ಅವಮಾನ.

ಮೈಲೇಜು ಬೀಳುತ್ತದೆ ಎಂದು ಬರೆದದ್ದು ಸರ್ಕಾರದ್ದೇ ನೀತಿ ಆಯೋಗ. ಮಾಮೂಲಿ ಪೆಟ್ರೋಲಿಗೆಂದು ತಯಾರಿಸಿ ಇ10ಕ್ಕೆ ಹೊಂದಿಸಿದ ಕಾರುಗಳು ಇ20 ಕುಡಿದರೆ ಇಂಧನ ದಕ್ಷತೆ ಶೇ. 6ರಿಂದ 7ರಷ್ಟು ಇಳಿಯುತ್ತದೆ ಎಂದು ಅದರ 2021ರ ವರದಿಯಲ್ಲೇ ಇದೆ. ಶೇ. 6ರಿಂದ 7!

ನಾಗರಬಾವಿ, ಉಲ್ಲಾಳ, ಕೆಂಗೇರಿ ಕಡೆ ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡ ಹವ್ಯಾಸಿಗಳನ್ನಾದರೂ, ಹಳೇ ಗಾಡಿಯ ಬಿಡಿಭಾಗಕ್ಕೆ ಎಥೆನಾಲ್ ಏನು ಮಾಡುತ್ತದೆ ಎಂದು ಕೇಳಬೇಕಿತ್ತು. ಮುಸುಕಿನ ಜೋಳದ ಪಿಷ್ಟದಿಂದ ಬರುವ ಪಿಎಲ್‌ಎ ಫಿಲಮೆಂಟಿನಲ್ಲಿ ಮೊಬೈಲ್ ಹೋಲ್ಡರ್ ಮಾಡಿ, ಏಪ್ರಿಲ್ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಸಂಜೆಯೊಳಗೆ ಸೊಟ್ಟಗಾಗಿರುತ್ತದೆ. ಸುಮಾರು 60 ಡಿಗ್ರಿಗೇ ಅದು ಮೆತ್ತಗಾಗುತ್ತದೆ. ಇನ್ನೊಂದು ಬಗೆಯ ಫಿಲಮೆಂಟ್ ಎಬಿಎಸ್ ಆ ಬಿಸಿ ತಡೆಯುತ್ತದೆ, ಆದರೆ ಅಸಿಟೋನ್ ತಾಗಿದರೆ ಕರಗುತ್ತದೆ. ಯಾವ ವಸ್ತುವಿಗೆ ಯಾವ ದ್ರವ ಆಗಿಬರುವುದಿಲ್ಲ ಎಂಬುದನ್ನು ಈ ಹುಡುಗರು ಕೈಯಾರೆ ಕಲಿತಿದ್ದಾರೆ. ಎಥೆನಾಲ್ ನೀರು ಹೀರುತ್ತದೆ, ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. 2023ರ ಏಪ್ರಿಲಿನಿಂದ ಹೊಸ ಗಾಡಿಗಳಿಗೆ ಇ20 ತಡೆಯುವ ಬಿಡಿಭಾಗ ಬಂದದ್ದು ಅದಕ್ಕೇ. ಅದಕ್ಕೂ ಮುಂಚೆ ರಸ್ತೆಗಿಳಿದವುಗಳ ಗತಿ? 20,000ದಿಂದ 30,000 ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿಕೊಂಡಿದೆ. ಖರ್ಚು ಮಾತ್ರ ಮಾಲೀಕನ ತಲೆಗೆ.

ಇಷ್ಟು ಹೇಳಿದರೆ ಇ20 ಪರ ಇರುವವರು ಯುದ್ಧದ ಮಾತು ತೆಗೆಯುತ್ತಾರೆ. ರಷ್ಯಾ ಉಕ್ರೇನಿನ ಮೇಲೆ ಬಿದ್ದ ಮೇಲೆ, 2022ರ ಮಾರ್ಚಿನಲ್ಲಿ, ಕಚ್ಚಾತೈಲ ಬ್ಯಾರೆಲಿಗೆ 120 ಡಾಲರ್ ದಾಟಿತ್ತು, ನಿಜ. ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನಿಂದ ತರುವ ದೇಶ ಎಚ್ಚರವಾಗಿರಲೇಬೇಕು. ಆದರೆ ಅದೇ ಉಕ್ರೇನಿನಲ್ಲಿ ಹವ್ಯಾಸಿಗಳು ಮನೆಯ ಪ್ರಿಂಟರಿನಲ್ಲಿ ತೆಗೆದುಕೊಟ್ಟ ಡ್ರೋನ್ ಬಿಡಿಭಾಗಗಳನ್ನು ಸೈನಿಕರು ಬಳಸುತ್ತಿದ್ದಾರೆ. ಇಲ್ಲಿ ಅಂಥವರು ಬಾಯಿ ಬಿಟ್ಟರೆ ಅಪಪ್ರಚಾರ.

ರೈತನ ಹೆಸರೂ ಬರುತ್ತದೆ. ಎಥೆನಾಲಿನಿಂದ ಕಬ್ಬಿನವನ ಮನೆ ತುಂಬಿದ್ದರೆ, 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿಕೊಂಡು ಸಾವಿರಾರು ರೈತರು ಹಗಲೂ ರಾತ್ರಿ ಯಾಕೆ ಕೂರಬೇಕಿತ್ತು? ಕೊನೆಗೆ ನಿಗದಿಯಾದದ್ದು 3,300. ಲಾಭ ಬೆಳೆದವನಿಗೂ ಇಲ್ಲ, ತುಂಬಿಸಿಕೊಂಡವನಿಗೂ ಇಲ್ಲ. ಈ ರಾಜ್ಯದಲ್ಲಿ ಕೇಳುವುದಕ್ಕೆಲ್ಲ ರಸ್ತೆಗೇ ಇಳಿಯಬೇಕು.

ಬ್ರೆಜಿಲನ್ನು ತೋರಿಸುವವರು ಅಲ್ಲಿನ ಬಂಕನ್ನೂ ನೋಡಲಿ. ಅಲ್ಲಿ ಎಥೆನಾಲಿಗೇ ಒಂದು ದರ, ಮಿಶ್ರಣಕ್ಕೆ ಇನ್ನೊಂದು. 2003ರಿಂದ ಬಂದಿರುವ ಫ್ಲೆಕ್ಸ್ ಫ್ಯೂಯೆಲ್ ಕಾರಿನವನು ಎರಡರಲ್ಲಿ ಬೇಕಾದ್ದನ್ನು ತುಂಬಿಸಿಕೊಳ್ಳುತ್ತಾನೆ. ಇಲ್ಲಿ ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೇಳಿದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. ವಜಾ ಆದ ಮಾತ್ರಕ್ಕೆ ಹಳೇ ಗಾಡಿಯ ಮೈಲೇಜು ಏರುವುದಿಲ್ಲ. ಮಿಶ್ರಣದ ಪೆಟ್ರೋಲು ಮಾಮೂಲಿಗಿಂತ ಅಗ್ಗವಾಗಿರಬೇಕು ಎಂದೂ ಅದೇ 2021ರ ವರದಿ ಹೇಳಿತ್ತು. ಬೆಂಗಳೂರಿನಲ್ಲಿ ಇ20 ಲೀಟರಿಗೆ 100 ರೂಪಾಯಿ ದಾಟಿದೆ. ಪ್ರತಿ ಬಂಕಿನಲ್ಲೂ ಇ10ಕ್ಕೆ ಒಂದು ಪಂಪು ಇಡಲಿ. ಅದು ಆಗುವವರೆಗೆ ಇ20 ದರದಲ್ಲಿ ಆ ಶೇ. 6ರಿಂದ 7ನ್ನು ಇಳಿಸಲಿ.