ಹಳೆಯ ಟ್ಯಾಬ್ಲೆಟ್ಟಿಗೆ ಹೊಸ ಚಾಕರಿ

ಹಳೆಯ ಬಿಲ್ಲುಪುಸ್ತಕಗಳ ಅಡಿಯಲ್ಲಿ ಧೂಳು ಹಿಡಿದು ಬಿದ್ದಿದ್ದ ಟ್ಯಾಬ್ಲೆಟ್ಟೊಂದು ಈಚೆಗೆ ನಮ್ಮ ಕೈಗೆ ಸಿಕ್ಕಿತು. 2011ರಲ್ಲಿ ಮಾರುಕಟ್ಟೆಗೆ ಬಂದ ಐಪ್ಯಾಡ್-2 ಅದು. ಗಿರಾಕಿಗಳ ಆರ್ಡರು ಬರೆದುಕೊಳ್ಳಲೆಂದು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕೊಂಡಿದ್ದೆವು. ನಮ್ಮ ಸಪ್ಲಾಯರುಗಳು ಅದನ್ನು ಒತ್ತುವುದಕ್ಕೆ ಮುಂಚೆಯೇ ಆರ್ಡರನ್ನು ಕೂಗಿ ಮುಗಿಸುತ್ತಿದ್ದುದರಿಂದ ಆ ಪ್ರಯೋಗವು ತಿಂಗಳೊಂದನ್ನೂ ದಾಟಲಿಲ್ಲ!

ರಿಪೇರಿಯವನು ನೋಡಿ, "ಭಂಗಾರಕ್ಕೆ ಹಾಕಿ ಶೇಟ್" ಎಂದನು. ಅವನ ಮಾತಿನಲ್ಲಿ ಅರ್ಧ ಸತ್ಯವುಂಟು. ಅದರ ಐಓಎಸ್ 9ನೆಯ ಆವೃತ್ತಿಯಿಂದ ಮುಂದಕ್ಕೆ ಹೋಗದು. ಹೊಸ ಆಪುಗಳಲ್ಲಿ ಹೆಚ್ಚಿನವು ಅದರಲ್ಲಿ ಏರವು. 2021ರ ಸೆಪ್ಟೆಂಬರ್ 30ರಂದು ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದ ಮೇಲೆ ಅನೇಕ ಜಾಲತಾಣಗಳೂ ಇಂಥ ಯಂತ್ರಗಳಿಗೆ ಬಾಗಿಲು ತೆರೆಯುತ್ತಿಲ್ಲ. ಆದರೆ ಅದರ ಪರದೆ ಒಡೆದಿಲ್ಲ, ಧ್ವನಿ ಕೆಟ್ಟಿಲ್ಲ. ಗ್ರೈಂಡರು ಬಂದ ಮಾತ್ರಕ್ಕೆ ಒರಳನ್ನು ಬೀದಿಗೆಸೆದವರು ನಮ್ಮಲ್ಲಿ ಎಷ್ಟು ಮಂದಿ?

ಪಿಡಿಎಫ್ ಪುಸ್ತಕವನ್ನು ತೋರಿಸಲು ಅಂತರಜಾಲವೇ ಬೇಕಿಲ್ಲ. ಕಂಪ್ಯೂಟರಿನಿಂದ ತಂತಿಯ ಮೂಲಕ ಒಮ್ಮೆ ತುಂಬಿದರೆ ಸಾಕು. 17ನೆಯ ನಂಬರಿನ ಫಾರಂ ತುಂಬಿ ಮಹಾರಾಷ್ಟ್ರದ ಹತ್ತನೆಯ ಪರೀಕ್ಷೆಗೆ ಖಾಸಗಿಯಾಗಿ ಕೂಡುವ ಹೋಟೆಲು ಹುಡುಗನ ಕಷ್ಟವನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಶಟರು ಎಳೆದು ಪಾತ್ರೆ ತೊಳೆದು ಖೋಲಿ ಸೇರುವಾಗ ರಾತ್ರಿ ಹನ್ನೆರಡು. ಬೆಳಗಿನ ಪಾಳಿಯವರು ಮಲಗಿರುತ್ತಾರೆ, ದೀಪ ಹಾಕುವಂತಿಲ್ಲ. ಟ್ಯಾಬ್ಲೆಟ್ಟಿನ ಬೆಳಕನ್ನು ತಗ್ಗಿಸಿಕೊಂಡರೆ ಯಾರ ನಿದ್ದೆಗೂ ಭಂಗವಿಲ್ಲದೆ ಒಂದು ಗಂಟೆ ಓದಬಹುದು. ಮಿಕ್ಕ ಹೊತ್ತಿನಲ್ಲಿ ಅದೇ ಯಂತ್ರವು ಹಾಡು ಹಾಡಲಿ, ಊರಿನ ಮನೆಯವರ ಚಿತ್ರಗಳನ್ನು ತೋರಿಸಲಿ, ನಾಲ್ಕು ಗಂಟೆಗೆ ಭಟ್ಟರನ್ನು ಎಬ್ಬಿಸಲಿ.

ಕಂತಿನ ಮೇಲೆ ಹೊಸದನ್ನು ತಂದು, ಊರಿಗೆ ಕಳಿಸಬೇಕಾದ ಹಣವನ್ನು ತಿಂಗಳು ತಿಂಗಳೂ ಅಂಗಡಿಗೆ ಕಟ್ಟುತ್ತಿರುವ ತರುಣರನ್ನು ನಾವು ಕಂಡಿದ್ದೇವೆ. ಅವರ ಪೆಟ್ಟಿಗೆಯಲ್ಲಿಯೂ ಇಂಥದೊಂದು ಹಳೆಯದು ಇದ್ದೀತು.

ಆದರೆ ಬ್ಯಾಂಕಿನ ವ್ಯವಹಾರವನ್ನಾಗಲಿ ಕಚೇರಿಯ ಪತ್ರಗಳನ್ನಾಗಲಿ ಅದರಲ್ಲಿ ಇಡಕೂಡದು. ಗುಮಾಸ್ತೆ ಮಿತ್ರರು ಇದನ್ನು ವಿಶೇಷವಾಗಿ ಗಮನಿಸಬೇಕು. ಸುರಕ್ಷತೆಯ ತಿದ್ದುಪಡಿಗಳು ನಿಂತ ಯಂತ್ರವು ಚಿಲಕ ಸಡಿಲವಾದ ಬಾಗಿಲಿನಂತೆ. ಅದಕ್ಕಿಂತಲೂ ದೊಡ್ಡ ಭಯ ಬ್ಯಾಟರಿಯದು. ಪರದೆ ಉಬ್ಬಿ ಅಂಚು ಬಿಟ್ಟಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆಯೆಂದು ತಿಳಿಯಬೇಕು. ಅದನ್ನು ಚಾರ್ಜಿಗೆ ಹಾಕುವುದಾಗಲಿ, ಒತ್ತಿ ಕೂರಿಸುವುದಾಗಲಿ ಬೆಂಕಿಗೆ ಆಹ್ವಾನ. ಹತ್ತು ಜನ ಮಲಗುವ ಖೋಲಿಯಲ್ಲಿ ಒಬ್ಬನ ಅಜಾಗರೂಕತೆ ಹತ್ತು ಮನೆಗಳಿಗೆ ತಟ್ಟುತ್ತದೆ. ಸರಿಯಿರುವ ಯಂತ್ರವನ್ನೂ ದಿಂಬಿನಡಿಯಲ್ಲಿಟ್ಟು ಚಾರ್ಜು ಮಾಡಬಾರದು. ಭಟ್ಟಿಯ ಹತ್ತಿರವಂತೂ ಇಡಲೇಬಾರದು.

ನಿಜವಾಗಿಯೂ ಕೆಟ್ಟುಹೋದುದನ್ನು, ಒಳಗಿನದನ್ನೆಲ್ಲ ಸಾಧ್ಯವಾದರೆ ಅಳಿಸಿ, ನೋಂದಾಯಿತ ಇ-ತ್ಯಾಜ್ಯ ಸಂಸ್ಕಾರಕರಿಗೆ ತಲಪಿಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಈ ಹೊಣೆಯಲ್ಲಿ ತಯಾರಕರಿಗೂ ಪಾಲು ಕೊಟ್ಟಿವೆ.

ನಮ್ಮ ಐಪ್ಯಾಡು ಈಗ ಹಳೆಯ ಹೋಟೆಲಿನ ಹುಡುಗರ ಖೋಲಿಯಲ್ಲಿದೆ. ಗಣಿತದ ಪುಸ್ತಕ ಹಾಕಿ ಕೊಟ್ಟಿದ್ದೆವು. ವಿಜ್ಞಾನದ್ದೂ ಬೇಕೆಂದು ಮೊನ್ನೆ ಹೇಳಿಕಳಿಸಿದ್ದಾರೆ.